ಕಾಗದ, ತಗಡು, ಕೊನೆಗೆ ಎಂಜಿನ್

ದಾವಣಗೆರೆಯ ವಿದ್ಯಾನಗರದಲ್ಲಿ ನಾನು ದಿನಾ ಬೆಳಿಗ್ಗೆ ನಡೆಯುವ ಅಡ್ಡರಸ್ತೆಯ ಕೊನೆಯ ಮನೆಯ ಶೆಡ್ಡಿನಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ನಿಂತಿದೆ. ಕೆನೆ ಬಣ್ಣ, 1978ರ ಗಾಡಿ. ಮನೆಯ ಯಜಮಾನರು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಅವರು ತೀರಿಕೊಂಡ ಮೇಲೆ ಕಾರು ಗೇಟು ದಾಟಿಲ್ಲ. ಯುಗಾದಿ ಕಳೆದ ಮೇಲೆ ಬೆಂಗಳೂರಿನಿಂದ ಬಂದಿದ್ದ ಅವರ ಮಗ, 'ನೀವು ತಗೊಳ್ಳೋದಾದ್ರೆ ಬೇರೆ ಯಾರಿಗೂ ತೋರಿಸಲ್ಲ ಅಂಕಲ್' ಎಂದ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮರುದಿನವೇ ಹರಿಹರದ ಹಿರಿಯರೊಬ್ಬರಿಗೆ ಫೋನು ಮಾಡಿದೆ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ಹಳೆ ಗಾಡಿಗಳ ಕೆಲಸ ಬಲ್ಲವರು. ನಾನು ಎಂಜಿನ್ ಬಗ್ಗೆ ಶುರುಮಾಡುತ್ತಿದ್ದಂತೆ ತಡೆದರು. 'ನೋಡ್ರಿ, ಎಂಜಿನ್ ಆಮೇಲೆ. ಮೊದ್ಲು ಕಾಗದ ನೋಡ್ರಿ, ಆಮೇಲೆ ತಗಡು. ಎಂಜಿನ್ ಎಲ್ಲೂ ಓಡಿ ಹೋಗಲ್ಲ.'

ಆ ಮಾತಿನ ಹಿಂದೆ ನಮ್ಮ ಕಡೆಯ ಅನುಭವವಿದೆ. 1941ರಲ್ಲಿ ಹರಿಹರದಲ್ಲಿ ಶುರುವಾದ ಕಿರ್ಲೋಸ್ಕರ್ ಲೇತ್ ಕಾರ್ಖಾನೆ ಒಂದೆರಡು ತಲೆಮಾರಿಗೆ ಟರ್ನಿಂಗ್, ಫಿಟ್ಟಿಂಗ್ ಕಲಿಸಿತು. ಕಾರ್ಖಾನೆ ಮುಚ್ಚಿತು, ಕೈಗೆ ಹತ್ತಿದ ಕೆಲಸ ಉಳಿಯಿತು. ಸಿಲಿಂಡರ್ ಬೋರ್ ಮಾಡಿಸುವುದು, ಸ್ಲೀವ್ ಹಾಕಿಸುವುದು, ಸಿಗದ ಬುಷ್ ಒಂದನ್ನು ಅಳತೆ ಕೊಟ್ಟು ತಿರುವಿಸುವುದು ಇಲ್ಲಿ ಆಗದ ಕೆಲಸವಲ್ಲ. ಆದರೆ ಕಳೆದುಹೋದ ಆರ್‌ಸಿ ಬುಕ್ಕನ್ನು ಯಾವ ಲೇತಿನಲ್ಲೂ ತಿರುವಿಸಲಾಗದು. ಕೊಳೆತ ತಳದ ತಗಡನ್ನು ಬದಲಿಸಲು ಹೊರಟರೆ ಕಾರಿನ ಬೆಲೆಯನ್ನು ಮೀರಿ ಖರ್ಚಾಗುತ್ತದೆ. ಹಳೆ ಕಾರು ಕೊಳ್ಳಲು ಹೋದವರಲ್ಲಿ ಬಹಳ ಮಂದಿ ಇದನ್ನು ತಿರುವುಮುರುವಾಗಿ ಮಾಡುತ್ತಾರೆ. ಹೊಳೆಯುವ ಪೇಂಟು ನೋಡುತ್ತಾರೆ, ಸ್ಟಾರ್ಟ್ ಮಾಡಿಸಿ ಸದ್ದು ಕೇಳುತ್ತಾರೆ, ಅಡ್ವಾನ್ಸ್ ಕೊಡುತ್ತಾರೆ. ಕಾಗದದ ಮಾತು ಬರುವುದು ಆಮೇಲೆ.

ಯಾವುದು 'ಕ್ಲಾಸಿಕ್' ಎಂಬುದಕ್ಕೆ ಒಂದೇ ಉತ್ತರವಿಲ್ಲ. ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 30 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ, ದಿನಬಳಕೆಯಲ್ಲಿಲ್ಲದ ವಾಹನವನ್ನು ಐತಿಹಾಸಿಕ ಎನ್ನುತ್ತದೆ. ನಮ್ಮ ಕೇಂದ್ರ ಸರ್ಕಾರದ 2021ರ ನಿಯಮದಲ್ಲಿ ವಿಂಟೇಜ್ ಎನಿಸಿಕೊಳ್ಳಲು ಮೊದಲ ನೋಂದಣಿಯಾಗಿ 50 ವರ್ಷ ಆಗಿರಬೇಕು. ಮಾರುವವರ ಬಾಯಲ್ಲಂತೂ ಹಳೆಯದೆಲ್ಲ ವಿಂಟೇಜೇ. ನಮ್ಮ ಕಡೆ ಮಾರಾಟಕ್ಕೆ ಬರುವುದು ಹೆಚ್ಚಾಗಿ ಅಂಬಾಸಿಡರ್, ಫಿಯಟ್, ಪದ್ಮಿನಿ, ಜೀಪು. ಅಪರೂಪಕ್ಕೊಂದು ಸ್ಟ್ಯಾಂಡರ್ಡ್ ಹೆರಾಲ್ಡ್, ಕಾಂಟೆಸ್ಸಾ. ಈಚೆಗೆ 1983ರ ಡಿಸೆಂಬರಿನಿಂದ ಬಂದ ಮೊದಲ ತಲೆಮಾರಿನ ಮಾರುತಿ 800 ಕೂಡ ಈ ಸಾಲಿಗೆ ಸೇರಿದೆ.

ಕಾಗದ

ಆರ್‌ಸಿಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಮೊಬೈಲಿಗೆ ಬಂದ ಫೋಟೋ ಸಾಲದು. ಮಾಲೀಕರ ಹೆಸರು, ಮೊದಲ ನೋಂದಣಿಯ ದಿನ, ಚಾಸಿ ನಂಬರು, ಎಂಜಿನ್ ನಂಬರು, ಇಂಧನ, ಸಿಸಿ, ಬಣ್ಣ, ಸಾಲದ ನಮೂದು, ಊರ್ಜಿತವಿರುವ ಕೊನೆಯ ದಿನ ಇಷ್ಟನ್ನೂ ಬೇರೆ ಹಾಳೆಯಲ್ಲಿ ಬರೆದುಕೊಂಡು ಕಾರಿನ ಹತ್ತಿರ ಹೋಗಿ. ನಲವತ್ತು ವರ್ಷದ ಹಿಂದೆ ತೀರಿಸಿದ ಬ್ಯಾಂಕ್ ಸಾಲದ ನಮೂದು ಇವತ್ತೂ ಹಾಗೇ ಇರಬಹುದು. ಅದನ್ನು ತೆಗೆಸಲು ಫಾರಂ 35 ಮತ್ತು ಬ್ಯಾಂಕಿನ ಪತ್ರ ಬೇಕು. ಆ ಬ್ಯಾಂಕೇ ಬೇರೊಂದರ ಜೊತೆ ಸೇರಿಹೋಗಿದ್ದರೆ ಪತ್ರ ಪಡೆಯಲು ತಿಂಗಳುಗಟ್ಟಲೆ ಓಡಾಡಬೇಕಾದೀತು. ಆ ಓಡಾಟ ಮಾರುವವರದ್ದು ಎಂದು ಮೊದಲೇ ಮಾತಾಡಿಕೊಳ್ಳಿ.

ಮುಂದಿನ ಹೆಜ್ಜೆ ಆರ್‌ಟಿಒ ಆಫೀಸಿನಲ್ಲಿ ಬಿ ಎಕ್ಸ್‌ಟ್ರಾಕ್ಟ್ ತೆಗೆಸುವುದು. ಕಾರು ಯಾರಿಂದ ಯಾರಿಗೆ ಹೋಯಿತು, ತೆರಿಗೆ ಎಲ್ಲಿಯವರೆಗೆ ಕಟ್ಟಿದೆ, ಏನಾದರೂ ಬದಲಾವಣೆ ದಾಖಲಾಗಿದೆಯೇ ಎಂಬುದು ಅದರಲ್ಲಿ ಸಿಗುತ್ತದೆ. 'ಸಿಂಗಲ್ ಓನರ್' ಎಂಬ ಮಾತು ನಿಜವೋ ಅಲ್ಲವೋ ಎಂದು ಹೇಳುವುದು ಈ ಒಂದು ಹಾಳೆ. ನಮ್ಮ ಜಿಲ್ಲೆಯ ಹಳೆ ಕಾರುಗಳಲ್ಲಿ ಇನ್ನೊಂದು ತೊಡಕಿದೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಆಗುವ ತನಕ ದಾವಣಗೆರೆ, ಹರಿಹರ ಎರಡೂ ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗಕ್ಕೂ ಹರಪನಹಳ್ಳಿ ಬಳ್ಳಾರಿಗೂ ಸೇರಿದ್ದವು. ಹಾಗಾಗಿ ಅರವತ್ತು, ಎಪ್ಪತ್ತರ ದಶಕದ ಗಾಡಿಯ ಮೂಲ ದಾಖಲೆ ಹುಡುಕಿಕೊಂಡು ಬೇರೆ ಊರಿನ ಆಫೀಸಿಗೆ ಹೋಗಬೇಕಾಗಬಹುದು. ಕೈಬರಹದ ಲೆಡ್ಜರಿನಲ್ಲಿದ್ದ ಎಷ್ಟೋ ಗಾಡಿಗಳು ಪರಿವಾಹನ್ ತಾಣದ ಲೆಕ್ಕಕ್ಕೆ ಏರಿಲ್ಲ. ನಂಬರು ಹೊಡೆದು ನೋಡಿದಾಗ ಏನೂ ಬರದಿದ್ದರೆ ಕೂಡಲೇ ಅನುಮಾನಿಸಬೇಕಿಲ್ಲ, ಆದರೆ 'ಬ್ಯಾಕ್‌ಲಾಗ್ ಎಂಟ್ರಿ' ಮಾಡಿಸದೆ ಹೆಸರು ಬದಲಾಗುವುದಿಲ್ಲ. ಅದಾಗುವ ತನಕ ಪೂರ್ತಿ ಹಣ ಕೊಡಬೇಡಿ. ಕಳುವಿನ ಗಾಡಿಯೇ ಎಂದು ತಿಳಿಯಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಆನ್‌ಲೈನ್ ಸೇವೆಯಲ್ಲಿ ವಾಹನದ ವಿವರ ಕೊಟ್ಟು ವಿಚಾರಿಸಬಹುದು.

ಊರ್ಜಿತದ ಲೆಕ್ಕ ಹೀಗೆ: ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲಿನಿಂದ ಈ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಅದು 10,000 ಆಯಿತು. ತಡವಾದರೆ ತಿಂಗಳಿಗೆ 500 ರೂಪಾಯಿ ದಂಡವೂ ಉಂಟು. ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತ ಗಾಡಿಯ ಬೆಲೆ ಕಟ್ಟುವಾಗ ಈ ಬಾಕಿಯನ್ನು ಕಳೆದೇ ಮಾತಾಡಬೇಕು.

ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿಯ ಎನ್‌ಒಸಿ ಅಂದರೆ ಫಾರಂ 28 ಬೇಕು, ಇಲ್ಲಿ ತೆರಿಗೆ ಕಟ್ಟಬೇಕು. ದೆಹಲಿಯಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳ ಮೇಲೆ ಕೋರ್ಟಿನ ನಿರ್ಬಂಧ ಬಂದ ಮೇಲೆ ಅಲ್ಲಿಂದ ಕಾರುಗಳು ಅಗ್ಗಕ್ಕೆ ದಕ್ಷಿಣಕ್ಕೆ ಬರುತ್ತಿವೆ. ಅವುಗಳಲ್ಲಿ ಕೆಲವಕ್ಕೆ ಅಲ್ಲಿ ನೋಂದಣಿಯೇ ರದ್ದಾಗಿರಬಹುದು. ಎನ್‌ಒಸಿ ಇಲ್ಲದ ಅಂಥ ಕಾರು ಎಷ್ಟೇ ಚೆಂದವಿದ್ದರೂ ಕಾಂಪೌಂಡಿನೊಳಗೆ ನಿಲ್ಲಿಸುವ ಬೊಂಬೆ.

ಇನ್ನು ಕತೆಗಳು. 'ಮಹಾರಾಜರ ಮನೆಯದು', 'ಮಿಲ್ಲಿನ ಮಾಲೀಕರದ್ದು', 'ಮಂತ್ರಿಗಳು ಓಡಾಡಿದ್ದು'. ಕರ್ನಾಟಕದಲ್ಲಿ ಅರಸು ಮನೆತನದ, ಗಣ್ಯರ ಕಾರುಗಳು ನಿಜವಾಗಿಯೂ ಇವೆ. ಧರ್ಮಸ್ಥಳದ ಸಂಗ್ರಹದಲ್ಲಿ ಹಳೆ ಕಾರುಗಳನ್ನು ಜೋಪಾನವಾಗಿ ಇಟ್ಟಿರುವುದನ್ನು ನೋಡಿದವರಿಗೆ ಅವುಗಳ ಬೆಲೆ ಗೊತ್ತು. ಆದರೆ ದಾಖಲೆ ಇಲ್ಲದ ಕತೆಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಮೊದಲ ಬಿಲ್ಲು, ಹಳೆ ವಿಮೆಯ ಕಾಗದ, ಸರ್ವಿಸ್ ಚೀಟಿಗಳು, ನಂಬರ್ ಪ್ಲೇಟು ಕಾಣುವ ಮದುವೆ ಫೋಟೋ, ಇವು ಸಾಕ್ಷಿ. ನಮ್ಮ ಪದ್ಮಿನಿಯ ಡ್ಯಾಶ್‌ಬೋರ್ಡಿನಲ್ಲಿ ಒಂದು ಸಣ್ಣ ಡೈರಿ ಸಿಕ್ಕಿತು. ಮೇಷ್ಟ್ರು ಪ್ರತಿ ಸಲ ಪೆಟ್ರೋಲ್ ಹಾಕಿಸಿದ ದಿನ, ಲೀಟರು, ಮೀಟರಿನ ಅಂಕಿ, ಆಯಿಲ್ ಬದಲಿಸಿದ ದಿನವನ್ನು ನೀಲಿ ಶಾಯಿಯಲ್ಲಿ ಬರೆದಿದ್ದರು. ಈ ಗಾಡಿಗಳ ಮೀಟರಿನಲ್ಲಿ ಐದೇ ಅಂಕಿ. ಲಕ್ಷ ದಾಟಿದರೆ ಮತ್ತೆ ಸೊನ್ನೆಯಿಂದ ಶುರು. ಎಷ್ಟು ಸಲ ಸುತ್ತಿ ಬಂದಿದೆ ಎಂದು ಹೇಳಲು ಆ ಡೈರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಡೈರಿ ಇಲ್ಲದಿದ್ದರೆ ಬ್ರೇಕ್, ಕ್ಲಚ್ ಪೆಡಲುಗಳ ರಬ್ಬರು, ಸ್ಟೇರಿಂಗ್ ಚಕ್ರದ ಸವೆತ, ಡ್ರೈವರ್ ಸೀಟಿನ ಸ್ಪ್ರಿಂಗು ನೋಡಿ.

ಆರ್‌ಸಿಯೂ ಕಾರೂ ಒಂದೇ ಗಾಡಿಯದ್ದೇ?

ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯುವುದು ಆರ್‌ಟಿಒ ಆಫೀಸಿನ ಹಳೆ ಪದ್ಧತಿ. ಅದನ್ನು ಕೊಳ್ಳುವ ಮೊದಲೇ ನೀವೇ ಮಾಡಿ. ಕಣ್ಣಿಗೆ ಕಾಣದ ತಿದ್ದುಪಡಿ ಪೆನ್ಸಿಲ್ ಪ್ರಿಂಟಿನಲ್ಲಿ ಕಾಣುತ್ತದೆ: ಒಂದು ಅಂಕಿ ಬೇರೆ ಆಳದಲ್ಲಿರುವುದು, ಸುತ್ತ ಗ್ರೈಂಡ್ ಮಾಡಿದ ಗೀರು, ವೆಲ್ಡಿಂಗ್ ಗಂಟು. ರಿವೆಟ್ ಹೊಡೆದ ಪ್ಲೇಟಿನ ನಂಬರು ಮಾತ್ರ ನೋಡಿದರೆ ಸಾಲದು, ಪ್ಲೇಟನ್ನು ಯಾರು ಬೇಕಾದರೂ ಬದಲಿಸಬಹುದು.

ಮಾದರಿಯ ವರ್ಷಗಳನ್ನು ತಿಳಿದಿದ್ದರೆ ಅರ್ಧ ಕೆಲಸ ಆದಂತೆ. ಬಾಂಬೆಯ ಕುರ್ಲಾದಲ್ಲಿ ತಯಾರಾದ ಈ ಗಾಡಿಗೆ ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. ಅದಕ್ಕೂ ಮೊದಲು, 1964ರಿಂದ ಬಂದದ್ದು ಫಿಯಟ್ 1100 ಡಿಲೈಟ್. ಆರ್‌ಸಿಯಲ್ಲಿ 1968 ಎಂದಿದ್ದು ಕಾರಿನ ಮೇಲೆಲ್ಲ ಪದ್ಮಿನಿಯ ಹೆಸರು, ಸಾಮಾನು ಇದ್ದರೆ ಯಾಕೆ ಎಂದು ಕೇಳಲೇಬೇಕು. ಅಂಬಾಸಿಡರ್ ಕೂಡ ಹಾಗೇ: ಮಾರ್ಕ್ 2 ಬಂದದ್ದು 1962ರಲ್ಲಿ, ಮಾರ್ಕ್ 3 1975ರಲ್ಲಿ, ಮಾರ್ಕ್ 4 1979ರಲ್ಲಿ, ನೋವಾ 1990ರಲ್ಲಿ, 2014ರ ಮೇ ತಿಂಗಳಿಗೆ ಉತ್ತರಪಾರಾದ ಕಾರ್ಖಾನೆ ನಿಂತಿತು. ಗ್ರಿಲ್ಲು ಬದಲಾದ ಕ್ರಮ ಗೊತ್ತಿದ್ದವರಿಗೆ ಕಾರಿನ ಮುಖ ನೋಡಿದರೆ ವಯಸ್ಸು ತಿಳಿಯುತ್ತದೆ. ಮುಂದಿನ ಗ್ರಿಲ್ಲು ಅಪಘಾತವಾದ ಮೇಲೆ ಬದಲಾಗಿರಲೂಬಹುದು. ಅದು ಅಪರಾಧವಲ್ಲ, ಬೆಲೆಯಲ್ಲಿ ಲೆಕ್ಕ ಹಾಕುವ ವಿಷಯ.

ಎಂಜಿನ್ ಬದಲಾವಣೆ ಹಾಗಲ್ಲ. ಪೆಟ್ರೋಲ್ ಬೆಲೆಗೆ ಹೆದರಿ ಎಷ್ಟೋ ಅಂಬಾಸಿಡರ್, ಪದ್ಮಿನಿಗಳಿಗೆ ಡೀಸೆಲ್ ಎಂಜಿನ್ ಕೂರಿಸಿದರು, ಗ್ಯಾಸ್ ಕಿಟ್ ಹಾಕಿಸಿದರು. 1489 ಸಿಸಿಯ ಹಳೆ ಅಂಬಾಸಿಡರ್‌ಗೆ ಆಮೇಲೆ ಬಂದ 1817 ಸಿಸಿಯ ಇಸುಜು ಎಂಜಿನ್ ಹಾಕಿ, ಸ್ಟೇರಿಂಗಿನ ಪಕ್ಕದ ಗೇರನ್ನು ನೆಲಕ್ಕೆ ತಂದವರಿದ್ದಾರೆ. ಓಡಿಸಲು ಅದು ಹಿತವೇ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಇಲ್ಲದ ಬದಲಾವಣೆ ನಿಮ್ಮ ಕೈಗೆ ಬಂದ ಮೇಲೆ ನಿಮ್ಮ ತಲೆನೋವು. ಮುಂದೆ ವಿಂಟೇಜ್ ನೋಂದಣಿ ಬೇಕೆಂದರೂ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು ಎನ್ನುತ್ತದೆ ನಿಯಮ.

ಆ ವಿಂಟೇಜ್ ನೋಂದಣಿಯ ಬಗ್ಗೆ ಒಂದು ಮಾತು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರು ನೋಂದಣಿಗೆ 5,000. ನಂಬರಿನಲ್ಲಿ 'ವಿಎ' ಎಂಬ ಅಕ್ಷರ ಬರುತ್ತದೆ. ಮೊದಲೇ ನೋಂದಣಿಯಾದ ಗಾಡಿ ತನ್ನ ಹಳೆ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ಆ ನೋಂದಣಿಯ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಷ್ಟಕ್ಕೇ. ಭಾನುವಾರ ಮನೆಮಂದಿಯನ್ನು ಕೂರಿಸಿಕೊಂಡು ಬೆಣ್ಣೆ ದೋಸೆಗೆ ಹೋಗುವ ಆಸೆ ಇದ್ದವರು ಐದು ವರ್ಷದ ಸಾಮಾನ್ಯ ನವೀಕರಣದಲ್ಲೇ ಇರುವುದು ಲೇಸು.

ತಗಡು

ಹರಿಹರದ ಹಿರಿಯರು ವಿದ್ಯಾನಗರಕ್ಕೆ ಬಂದಾಗ ಬೆಳಿಗ್ಗೆ ಏಳು ಗಂಟೆ. ಬೇಕೆಂದೇ ಆ ಹೊತ್ತು. ಎಳೆ ಬಿಸಿಲು ಓರೆಯಾಗಿ ಬಿದ್ದಾಗ ಬಾಗಿಲಿನ ಮಟ್ಟಕ್ಕೆ ಕಣ್ಣಿಟ್ಟು ಹಿಂದಿನಿಂದ ಮುಂದಕ್ಕೆ ನೋಡಿದರೆ ಟಿಂಕರಿಂಗ್ ಮಾಡಿದ ಅಲೆಗಳು ಎದ್ದು ಕಾಣುತ್ತವೆ. ಸಂಜೆ ಟ್ಯೂಬ್‌ಲೈಟಿನಲ್ಲಿ ಎಲ್ಲ ಕಾರೂ ಸುಂದರ. ಜೇಬಿನಿಂದ ಒಂದು ಅಯಸ್ಕಾಂತ ತೆಗೆದು ಅರಿವೆ ಸುತ್ತಿ, ಬಾಗಿಲಿನ ಕೆಳ ಅಂಚು, ಚಕ್ರದ ಕಮಾನು, ಹೆಡ್‌ಲೈಟಿನ ಸುತ್ತ, ಡಿಕ್ಕಿಯ ಮೂಲೆಗಳಿಗೆ ಆನಿಸುತ್ತ ಹೋದರು. ಹಿಡಿಯದೆ ಜಾರಿದ ಕಡೆ ಒಳಗೆ ತಗಡಿಲ್ಲ, ದಪ್ಪ ಪುಟ್ಟಿ ಇದೆ ಎಂದರ್ಥ. ಬೆರಳ ಗೆಣ್ಣಿನಿಂದ ತಟ್ಟಿದರೂ ತಿಳಿಯುತ್ತದೆ: ತಗಡು ಠಣ್ ಎನ್ನುತ್ತದೆ, ಪುಟ್ಟಿ ಸೌದೆ ಬಡಿದ ಹಾಗೆ ಮಂದವಾಗಿ ಕೇಳುತ್ತದೆ.

ಅಂಬಾಸಿಡರ್, ಪದ್ಮಿನಿ ಎರಡಕ್ಕೂ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಭಾರ ಹೊರುತ್ತದೆ. ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ಪಟ್ಟಿ ಕೊಳೆತರೆ ಕಾರಿನ ಬೆನ್ನುಮೂಳೆ ಹೋದಂತೆ. ಇದನ್ನು ಪತ್ತೆ ಮಾಡಲು ಹಿರಿಯರು ಮಾಡಿದ ಉಪಾಯ ಸುಲಭ. ಮೊದಲು ನಾಲ್ಕೂ ಬಾಗಿಲನ್ನು ತೆರೆದು ಮುಚ್ಚಿ ನೋಡಿದರು. ಆಮೇಲೆ ಒಂದು ಪಕ್ಕಕ್ಕೆ ಜಾಕ್ ಕೊಟ್ಟು ಎತ್ತಿ, ಆ ಪಕ್ಕದ ಬಾಗಿಲನ್ನು ಮತ್ತೆ ತೆರೆದು ಮುಚ್ಚಿದರು. ಗಟ್ಟಿ ಬಾಡಿಯಾದರೆ ವ್ಯತ್ಯಾಸ ಬರುವುದಿಲ್ಲ. ಕೊಳೆತಿದ್ದರೆ ಬಾಗಿಲು ಕಂಬಕ್ಕೆ ಉಜ್ಜುತ್ತದೆ, ಸಂದು ಹೆಚ್ಚುಕಡಿಮೆಯಾಗುತ್ತದೆ. ಜಾಕ್ ಇಟ್ಟ ಜಾಗವೇ ಒಳಗೆ ಕುಸಿದರೆ ಅಲ್ಲಿಗೇ ಕೈಮುಗಿದು ಹಿಂದಿರುಗಬಹುದು. ಎತ್ತಿದ ಕಾರಿನ ಕೆಳಗೆ ಮಾತ್ರ ಜಾಕನ್ನು ನಂಬಿ ತಲೆ ಹಾಕಬೇಡಿ, ಸ್ಟ್ಯಾಂಡ್ ಕೊಡಿ.

ಮ್ಯಾಟು ಎತ್ತಿ ನೋಡುವುದನ್ನು ಮರೆಯಬಾರದು. ಗಾಜಿನ ರಬ್ಬರು ಒಣಗಿ ಬಿರಿದು ಮಳೆನೀರು ಇಳಿದಿದ್ದರೆ ಅದು ನಿಲ್ಲುವುದು ಕಾಲಿಡುವ ಜಾಗದಲ್ಲಿ, ಮ್ಯಾಟಿನ ಕೆಳಗೆ. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ, ಬಾಗಿಲಿನ ಕೆಳಗೆ ನೀರು ಹೋಗುವ ತೂತುಗಳು, ಬ್ಯಾಟರಿಯ ಕೆಳಗಿನ ತಟ್ಟೆ, ಇವೂ ತುಕ್ಕಿನ ಮನೆಗಳು. ದಾವಣಗೆರೆಯ ಒಣಹವೆ ತಗಡಿಗೆ ಒಳ್ಳೆಯದು. ಆದರೆ ಭದ್ರಾ ಕಾಲುವೆಯ ಗದ್ದೆ ಬಯಲಿನಲ್ಲಿ ಓಡಾಡಿದ ಗಾಡಿಯ ಚಕ್ರದ ಕಮಾನಿನೊಳಗೆ ಕೆಸರು ಅಂಟಿಕೊಂಡು ತಿಂಗಳುಗಟ್ಟಲೆ ತೇವ ಹಿಡಿದಿರುತ್ತದೆ. ಅದನ್ನು ಕೆರೆದು ನೋಡಬೇಕು. ಮಂಗಳೂರಿನ ಕೆಎ 19, ಉಡುಪಿಯ ಕೆಎ 20ರಂಥ ಕರಾವಳಿ ನಂಬರಿನ ಕಾರಾದರೆ ಇದೆಲ್ಲವನ್ನೂ ಎರಡು ಪಟ್ಟು ಎಚ್ಚರದಿಂದ ನೋಡಿ. ಉಪ್ಪು ಗಾಳಿ ಒಳಗಿನಿಂದ ತಿನ್ನುತ್ತದೆ. ಹೊರಗಿನ ಹೊಸ ಪೇಂಟು ಅದನ್ನು ಒಂದೆರಡು ಮಳೆಗಾಲ ಮಾತ್ರ ಮುಚ್ಚಿಡುತ್ತದೆ.

ಗಾಜು, ಕ್ರೋಮ್ ಪಟ್ಟಿ, ಲೈಟಿನ ಗ್ಲಾಸು, ಹಿಡಿಕೆ ಇವನ್ನು ಎಣಿಸಿ ಬರೆದುಕೊಳ್ಳಿ. ಎಂಜಿನ್ ಸಾಮಾನಿಗೆ ಬೆಂಗಳೂರಿನ ಜೆಸಿ ರೋಡಿದೆ. ಕಾಣೆಯಾದ ಒಂದು ಕ್ರೋಮ್ ಪಟ್ಟಿಗೆ ವರ್ಷಗಟ್ಟಲೆ ಗುಜರಿ ಸುತ್ತಬೇಕಾಗುತ್ತದೆ.

ಕೊನೆಗೆ ಎಂಜಿನ್

ವರ್ಷಗಳಿಂದ ನಿಂತ ಎಂಜಿನ್ನಿಗೆ ಬ್ಯಾಟರಿ ಕೊಟ್ಟು ಒಮ್ಮೆಲೇ ಸೆಲ್ಫ್ ಹೊಡೆಯಬೇಡಿ. ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು ಒಂದು ದಿನ ಬಿಡಿ, ಆಮೇಲೆ ಕೈಯಲ್ಲಿ ತಿರುಗಿಸಿ. ಓಡುತ್ತಿರುವ ಕಾರಾದರೆ ನೀವು ಹೋಗುವ ಮೊದಲೇ ಸ್ಟಾರ್ಟ್ ಮಾಡಿಟ್ಟಿರಬಾರದು. ಬಾನೆಟ್ಟಿಗೆ ಕೈಯಿಟ್ಟು ತಣ್ಣಗಿದೆಯೇ ನೋಡಿ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ನೀಲಿ ಹೊಗೆ ಬಂದರೆ ರಿಂಗು ಸವೆದಿದೆ. ಬಹಳ ಹೊತ್ತು ಐಡಲ್ ನಿಂತು ಹೊರಟಾಗ ಮಾತ್ರ ಬಂದರೆ ವಾಲ್ವ್ ಗೈಡ್ ನೋಡಿಸಬೇಕು. ಆಯಿಲ್ ಮುಚ್ಚಳದ ಒಳಗೆ ಮೊಸರಿನಂಥ ಬಿಳಿ ಲೇಪ ಇದ್ದು ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಕಂಪ್ರೆಶನ್ ಗೇಜ್ ಇದ್ದರೆ ನಾಲ್ಕೂ ಸಿಲಿಂಡರ್ ನೋಡಿ. ಒಂದರಲ್ಲಿ ಕಡಿಮೆ ಬಂದರೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಏರಿದರೆ ರಿಂಗು, ಏರದಿದ್ದರೆ ವಾಲ್ವ್.

ರೇಡಿಯೇಟರಿಗೆ ಬೋರ್‌ವೆಲ್ ನೀರು ತುಂಬಿದ ಗಾಡಿಗಳು ನಮ್ಮಲ್ಲಿ ಹೆಚ್ಚು. ಗಡಸು ನೀರಿನ ಸುಣ್ಣ ಒಳಗೆ ಕಟ್ಟಿ ಬೇಸಿಗೆಯಲ್ಲಿ ಕುದಿಯತೊಡಗುತ್ತದೆ. ಪೆಟ್ರೋಲಿನ ಕಡೆ ಎರಡು ವಿಷಯ. 2000ದ ಫೆಬ್ರವರಿಯಿಂದ ಸೀಸ ಬೆರೆತ ಪೆಟ್ರೋಲ್ ದೇಶದಲ್ಲಿ ನಿಂತಿತು. ಸೀಸಕ್ಕೆ ಹೊಂದಿಕೊಂಡಿದ್ದ ಹಳೆ ವಾಲ್ವ್ ಸೀಟುಗಳು ಅದಿಲ್ಲದೆ ಬೇಗ ಸವೆಯುತ್ತವೆ. ಈಗ ಬರುತ್ತಿರುವ ಶೇ 20 ಎಥನಾಲ್ ಪೆಟ್ರೋಲು ಹಳೆ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್, ಕಾರ್ಕ್ ಗ್ಯಾಸ್ಕೆಟ್ಟುಗಳನ್ನು ಹಾಳು ಮಾಡುತ್ತದೆ, ನಿಂತಲ್ಲಿ ನೀರನ್ನು ಹೀರಿ ಟ್ಯಾಂಕಿಗೆ ತುಕ್ಕು ತರುತ್ತದೆ. ಬಿರುಕು ಬಿಟ್ಟ ಪೈಪಿನಿಂದ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಹನಿದರೆ ಬೆಂಕಿಯೇ. ಕೊಂಡ ಮರುದಿನವೇ ಇವನ್ನೆಲ್ಲ ಬದಲಿಸುವ ಖರ್ಚು ಲೆಕ್ಕದಲ್ಲಿರಲಿ.

ಮುಂದಿನ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಪದ್ಮಿನಿಯಲ್ಲಿ ಕಿಂಗ್‌ಪಿನ್ ಇದೆ. ಗ್ರೀಸ್ ಕಾಣದೆ ಸವೆದಿದ್ದರೆ ಚಕ್ರ ಲೊಡಕ್ ಎನ್ನುತ್ತದೆ. ಒಬ್ಬರು ಬ್ರೇಕ್ ತುಳಿದಾಗ ಆಟ ನಿಂತರೆ ಬೇರಿಂಗು, ನಿಲ್ಲದಿದ್ದರೆ ಕಿಂಗ್‌ಪಿನ್. ಟೈರಿನ ಹೂವು ನೋಡಿ ಮೋಸ ಹೋಗಬೇಡಿ. ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿ ಓದಿ: 2319 ಎಂದರೆ 2019ರ 23ನೇ ವಾರ. ಹೂವು ತುಂಬಿದ್ದರೂ ವಯಸ್ಸಾದ ಟೈರು ಹೆದ್ದಾರಿಗೆ ತಕ್ಕದ್ದಲ್ಲ.

ಆರ್‌ಸಿ, ವಿಮೆ ಊರ್ಜಿತವಿದ್ದರೆ ಹಳೆ ಪಿಬಿ ರಸ್ತೆಯಲ್ಲಿ ಹರಿಹರದವರೆಗೆ ಓಡಿಸಿ ನೋಡಿ. ಹದಿನಾಲ್ಕು ಕಿಲೋಮೀಟರು, ಎಂಜಿನ್ ಪೂರ್ತಿ ಬಿಸಿಯಾಗಲು ಸಾಕಾದ ದೂರ. ಹೋಗುವಾಗ ಗೇರು ಜಾರುತ್ತದೆಯೇ, ಬ್ರೇಕಿಗೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆಯೇ ಗಮನಿಸಿ. ತುಂಗಭದ್ರೆಯ ಸೇತುವೆ ಹತ್ತಿರ ನಿಲ್ಲಿಸಿ, ಐದು ನಿಮಿಷ ಐಡಲ್ ಬಿಟ್ಟು ಆಯಿಲ್ ಪ್ರೆಶರ್ ನೋಡಿ, ಆಫ್ ಮಾಡಿ, ಬಿಸಿಯಲ್ಲೇ ಮತ್ತೆ ಸ್ಟಾರ್ಟ್ ಮಾಡಿ. ಕಾಗದ ಊರ್ಜಿತವಿಲ್ಲದ ಗಾಡಿಯನ್ನು ಮಾತ್ರ ರಸ್ತೆಗಿಳಿಸಲೇಬೇಡಿ. ಕಾಂಪೌಂಡಿನೊಳಗೆ ಹಿಂದೆ ಮುಂದೆ ಆಡಿಸಿ ತಿಳಿದಷ್ಟೇ ತಿಳಿಯಲಿ.

ಮಾತು ಮುಗಿದು ಹಣ ಕೊಡುವ ದಿನ ಫಾರಂ 29 ಎರಡು ಪ್ರತಿ, ಫಾರಂ 30 ಸಹಿಯಾಗಬೇಕು. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ವಿಮೆಯೂ 14 ದಿನದಲ್ಲಿ ಹೆಸರಿಗೆ ಆಗಬೇಕು. ದಿನಾಂಕವಿಲ್ಲದ ಫಾರಂಗೆ ಸಹಿ ಹಾಕಿಸಿ ಇಟ್ಟುಕೊಂಡು ಗಾಡಿಯನ್ನು ಕೈಯಿಂದ ಕೈಗೆ ದಾಟಿಸುವ ದಲ್ಲಾಳಿ ಪದ್ಧತಿಯಿಂದ ಇಬ್ಬರಿಗೂ ಕೇಡು. ಅಪಘಾತವಾದರೆ ಆರ್‌ಸಿಯಲ್ಲಿ ಹೆಸರಿದ್ದವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ.

ನಮ್ಮ ಪದ್ಮಿನಿ ತಗಡಿನಲ್ಲಿ ಗೆದ್ದಿತು. ಬಲಗಡೆ ಹಿಂದಿನ ಕಮಾನಿನಲ್ಲಿ ಅಂಗೈಯಗಲ ತುಕ್ಕು ಬಿಟ್ಟರೆ ಉಳಿದದ್ದೆಲ್ಲ ಗಟ್ಟಿ. ಪೆನ್ಸಿಲ್ ಪ್ರಿಂಟಿನ ಪ್ರತಿ ಅಂಕಿಯೂ ಆರ್‌ಸಿಗೆ ಹೊಂದಿತು. ನಿಂತದ್ದು ಕಾಗದದಲ್ಲಿ. ಆರ್‌ಸಿ ಇನ್ನೂ ಮೇಷ್ಟ್ರ ಹೆಸರಿನಲ್ಲೇ ಇದೆ. ಮಾಲೀಕರು ತೀರಿಕೊಂಡರೆ ವಾರಸುದಾರರು 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕಿತ್ತು. ದುಃಖದ ಮನೆಯಲ್ಲಿ ಯಾರಿಗೂ ಅದು ನೆನಪಾಗಲಿಲ್ಲ. ಮಗ ಮಾರಲು ಸಿದ್ಧನಿದ್ದಾನೆ, ಅವನ ಅಕ್ಕ ಅಮೆರಿಕದಲ್ಲಿದ್ದಾಳೆ. 'ನಾನೇ ಸಹಿ ಮಾಡಿಕೊಡ್ತೀನಿ, ಸಾಕಲ್ವಾ ಅಂಕಲ್' ಎಂದ. ಸಾಲದು ಎಂದೆ. ಅಪ್ಪನ ಕಾರು ಅವಳದ್ದೂ ಹೌದು. ಈಗ ಅವಳ ಒಪ್ಪಿಗೆ ಪತ್ರ ಬರಬೇಕು, ಗಾಡಿ ಮೊದಲು ವಾರಸುದಾರರ ಹೆಸರಿಗೆ ಆಗಬೇಕು, ಆಮೇಲೆ ನವೀಕರಣ, ಆಮೇಲೆ ನಾನು. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ.

ಅಲ್ಲಿಯವರೆಗೆ ಭಾನುವಾರ ಬೆಳಿಗ್ಗೆ ಮೇಷ್ಟ್ರ ಮನೆಯವರಿಗೆ ಹೇಳಿ ಶೆಡ್ಡಿನ ಬಾಗಿಲು ತೆಗೆಸುತ್ತೇನೆ. ಟೈರುಗಳು ಒಂದೇ ಕಡೆ ಊರಿ ಚಪ್ಪಟೆಯಾಗದಿರಲಿ ಎಂದು ಕಾರನ್ನು ಎರಡು ಅಡಿ ಮುಂದಕ್ಕೆ, ಎರಡು ಅಡಿ ಹಿಂದಕ್ಕೆ ತಳ್ಳಿ ಬರುತ್ತೇನೆ. ಹೋದ ವಾರ ಆ ಮನೆಯವರೂ ಬಂದು ಒಂದು ಕೈ ಕೊಟ್ಟರು.